‘ಹೋಗಿ ಬರ್ತೀನ್ರಿ’: ಸಾರಿಗೆ, ಬಡತನ ಮತ್ತು ಸಂಜೆಯ ಬಸ್ಸಿನ ಲೆಕ್ಕ

(ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಮ್ಮ ಭಾಗದಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ‘ಹೋಗಿ ಬರ್ತೀನ್ರಿ’ ಅನ್ನಬೇಕು. ಮರೆತು ಬರೀ ‘ಹೋಗ್ತೀನಿ’ ಅಂದವರನ್ನು ಹಿರಿಯರು ಅಲ್ಲೇ ನಿಲ್ಲಿಸಿ ತಿದ್ದುತ್ತಾರೆ. ಸಾರಿಗೆಯ ಅಂಕಿಅಂಶ ಬರೆಯುವವರನ್ನು ಮಾತ್ರ ಇನ್ನೂ ಯಾರೂ ತಿದ್ದಿಲ್ಲ. ಊರಿಗೆ ರಸ್ತೆ ಇದೆಯೇ, ಬಸ್ಸು ಬರುತ್ತದೆಯೇ, ತಾಲೂಕು ಕೇಂದ್ರ ಎಷ್ಟು ಕಿಲೋಮೀಟರು, ಇಷ್ಟು ಬರೆದರೆ ಅವರ ಕೋಷ್ಟಕ ತುಂಬಿತು. ಬೆಳಗ್ಗೆ ಹೋದವರು ಕೆಲಸ ಮುಗಿಸಿಕೊಂಡು ಅದೇ ದಿನ ಮನೆ ಸೇರಿದರೇ ಅನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ. ಇವತ್ತಿನ ಮಾತು ಆ ಒಂದು ಕಾಲಮ್ಮಿನ ಬಗ್ಗೆ.

ದೊಡ್ಡ ಸಾರಿಗೆ ನಮಗೆ ಬರಲಿಲ್ಲ ಅನ್ನುವಂತಿಲ್ಲ. 110 ಕಿಲೋಮೀಟರಿನ ಬೀದರ್–ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ಶುರುವಾಯಿತು. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ವಂದೇ ಭಾರತ್ ಹೊರಟಿತು. ಬೆಂಗಳೂರು ಹತ್ತಿರ ಬಂತು, ಸಂತೋಷ. ಚಿಂಚೋಳಿ ತಾಲೂಕಿನ ಒಂದು ತಾಂಡಾಕ್ಕೆ ಚಿಂಚೋಳಿ ಎಷ್ಟು ಹತ್ತಿರ ಬಂತು ಅನ್ನುವುದು ಬೇರೆಯೇ ಲೆಕ್ಕ, ಮತ್ತು ಆ ಲೆಕ್ಕ ಮಾಡಲು ಬೇಕಾದ ಶಾಸ್ತ್ರ ಈಗಾಗಲೇ ಇದೆ. ಅದು ಎಲ್ಲಿಂದ ಬಂತು ಅಂತ ಸ್ವಲ್ಪ ನೋಡಿ ಮುಂದೆ ಹೋಗೋಣ.

1965ರ ಆಗಸ್ಟಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ ದೊಡ್ಡ ಗಲಭೆಯಾಯಿತು. ಕಾರಣ ಹುಡುಕಲು ಕೂತ ಮೆಕೋನ್ ಆಯೋಗ ಪಟ್ಟಿ ಮಾಡಿದ ದೂರುಗಳಲ್ಲಿ ಬಸ್ಸಿನದೂ ಒಂದಿತ್ತು: ಸಾರ್ವಜನಿಕ ಸಾರಿಗೆ ಸಾಲದು, ತುಟ್ಟಿಯೂ ಹೌದು, ಹಾಗಾಗಿ ಅಲ್ಲಿನವರಿಗೆ ಕೆಲಸದ ಜಾಗ ಮುಟ್ಟಲಾಗುತ್ತಿಲ್ಲ. ಮೂರು ವರ್ಷದ ನಂತರ, 1968ರಲ್ಲಿ, ಅರ್ಥಶಾಸ್ತ್ರಜ್ಞ ಜಾನ್ ಕೇನ್ ಇದನ್ನೇ ಲೆಕ್ಕಕ್ಕಿಟ್ಟರು. ಕಾರ್ಖಾನೆಗಳು ಊರ ಹೊರಕ್ಕೆ ಹೋದವು, ಕಪ್ಪು ಜನರಿಗೆ ಅಲ್ಲಿ ಮನೆ ಸಿಗುತ್ತಿರಲಿಲ್ಲ, ಕೆಲಸ ಒಂದು ಕಡೆ, ಕೆಲಸಗಾರ ಇನ್ನೊಂದು ಕಡೆ. 1970ರಲ್ಲಿ ಸ್ವೀಡನ್ನಿನ ಭೂಗೋಳ ವಿದ್ವಾಂಸ ಟಾರ್ಸ್ಟನ್ ಹ್ಯಾಗರ್‌ಸ್ಟ್ರಾಂಡ್ ಇನ್ನೊಂದು ಮಾತು ಹೇಳಿದರು. ಈ ವಿಷಯದಲ್ಲಿ ಅದಕ್ಕಿಂತ ಉಪಯೋಗದ ಮಾತನ್ನು ಯಾರೂ ಹೇಳಿಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಮನುಷ್ಯನಿಗೆ ಒಂದು ದಿನದಲ್ಲಿ ಇರುವುದು 24 ಗಂಟೆ, ರಾತ್ರಿ ಅವನು ಮನೆಯಲ್ಲಿರಬೇಕು. ಆದ್ದರಿಂದ ಅವನು ಎಷ್ಟು ದೂರ ಹೋಗಬಲ್ಲ ಅನ್ನುವುದನ್ನು ಕಾಲಿನ ವೇಗ ಒಂದೇ ತೀರ್ಮಾನಿಸುವುದಿಲ್ಲ. ಯಾರನ್ನು ಯಾವ ಹೊತ್ತಿಗೆ ಕಾಣಬೇಕು, ಯಾವ ಬಾಗಿಲು ಎಷ್ಟು ಗಂಟೆಗೆ ತೆರೆದು ಎಷ್ಟಕ್ಕೆ ಮುಚ್ಚುತ್ತದೆ, ಇವೂ ಸೇರಿ ತೀರ್ಮಾನಿಸುತ್ತವೆ. ನಮ್ಮ ಹಿರಿಯರ ತಿದ್ದುಪಡಿಯೂ ಇದೇ: ಬರುವುದು ಸೇರದೆ ಹೋಗುವುದು ಪೂರ್ತಿಯಾಗದು.

ಬ್ರಿಟನ್ನಿನಲ್ಲಿ 2003ರಲ್ಲಿ ಸರ್ಕಾರದ ಸಾಮಾಜಿಕ ಬಹಿಷ್ಕರಣ ಘಟಕ, ಅಂದರೆ ಸಮಾಜದ ಅಂಚಿಗೆ ಬಿದ್ದವರ ವಿಚಾರ ನೋಡುತ್ತಿದ್ದ ಘಟಕ, ಒಂದು ವರದಿ ಕೊಟ್ಟಿತು. ಕೆಲಸ ಹುಡುಕುವ ಐವರಲ್ಲಿ ಇಬ್ಬರು ಸಾರಿಗೆ ಇಲ್ಲದ್ದೇ ಅಡ್ಡಿ ಎಂದಿದ್ದರು. ಒಂದು ವರ್ಷದಲ್ಲಿ 14 ಲಕ್ಷ ಜನ ಸಾರಿಗೆಯ ತೊಂದರೆಯಿಂದ ವೈದ್ಯರ ಬಳಿ ಹೋಗುವುದನ್ನು ತಪ್ಪಿಸಿಕೊಂಡಿದ್ದರು ಅಥವಾ ಬಿಟ್ಟಿದ್ದರು. ಬಹುಪಾಲು ಮನೆಗಳಲ್ಲಿ ಕಾರು ಇರುವ ದೇಶದ ಸ್ಥಿತಿ ಅದು. ಅದಕ್ಕೆ ಮೂರು ವರ್ಷ ಮೊದಲು ಚರ್ಚ್, ಫ್ರಾಸ್ಟ್, ಸಲಿವನ್ ಎಂಬ ಮೂವರು ಲಂಡನ್ನಿಗಾಗಿ ಏಳು ಬಗೆಯ ಅಡ್ಡಿಗಳನ್ನು ಗುರುತಿಸಿದ್ದರು: ದೇಹದ್ದು, ದೂರದ್ದು, ಸೌಲಭ್ಯವೇ ಇಲ್ಲದ್ದು, ಹಣದ್ದು, ಸಮಯದ್ದು, ಭಯದ್ದು, ಒಳಗೆ ಬಿಡದೆ ತಡೆಯುವ ಜಾಗದ್ದು. ನಮ್ಮ ಕಡೆ ಸರ್ಕಾರ, ಪತ್ರಿಕೆ, ಜನ ಎಲ್ಲರೂ ಮಾತಾಡುವುದು ದೂರ ಮತ್ತು ಹಣದ ಬಗ್ಗೆ. ಹೆಚ್ಚು ಪೆಟ್ಟು ಕೊಡುವುದು ಸಮಯ ಮತ್ತು ಭಯ.

ಸಾರಿಗೆ ಸಂಶೋಧಕಿ ಕ್ಯಾರೆನ್ ಲೂಕಸ್ 2012ರಲ್ಲಿ ಬರೆದ ಪ್ರಬಂಧದಲ್ಲಿ ಇನ್ನೊಂದು ಗಂಟು ಬಿಡಿಸಿದರು. ಸಾರಿಗೆಯ ಕೊರತೆ ಬೇರೆ, ಸಾಮಾಜಿಕ ಕೊರತೆ ಬೇರೆ, ಇವೆರಡೂ ಒಬ್ಬರ ಮೇಲೇ ಬಿದ್ದಾಗ ಬಾಗಿಲು ಮುಚ್ಚುತ್ತದೆ. ಅಫಜಲಪುರದ ಕಡೆ ಹೊಲದಲ್ಲೇ ಮನೆ ಕಟ್ಟಿಕೊಂಡ ದೊಡ್ಡ ರೈತರಿಗೆ ಬಸ್ಸು ಇಲ್ಲ, ಆದರೆ ಅಂಗಳದಲ್ಲಿ ಬೊಲೆರೊ ನಿಂತಿದೆ. ಅವರಿಗೆ ಯಾವ ನಷ್ಟವೂ ಇಲ್ಲ. ಕಲಬುರಗಿ ಬಸ್ ಸ್ಟ್ಯಾಂಡಿನ ಹತ್ತಿರವೇ ಇರುವ ಅಂಗವಿಕಲ ವೃದ್ಧೆಯ ಮುಂದೆ ದಿನಕ್ಕೆ ನೂರಾರು ಬಸ್ಸು ಹಾಯುತ್ತವೆ, ಒಂದರ ಮೆಟ್ಟಿಲೂ ಆಕೆಯ ಕಾಲಿಗೆ ಎಟಕುವುದಿಲ್ಲ. ನಕ್ಷೆಯ ಮೇಲೆ ನೋಡಿದರೆ ಮೊದಲನೆಯವರು ಹಿಂದುಳಿದವರು, ಎರಡನೆಯವರು ಅನುಕೂಲಸ್ಥರು.

ನಕ್ಷೆ ಸುಳ್ಳು ಹೇಳುವುದು ಹೀಗೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನಿಟ್ಟು ಆಗಿನ 175 ತಾಲೂಕುಗಳನ್ನು ಅಳೆಯಿತು. ಅತ್ಯಂತ ಹಿಂದುಳಿದವು ಎಂದು ಬಂದ 39ರಲ್ಲಿ 21 ಗುಲಬರ್ಗಾ ವಿಭಾಗದವು. ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬೇಕೆಂಬ ಹೋರಾಟಕ್ಕೆ ಬಲ ಕೊಟ್ಟ ಲೆಕ್ಕ ಅದು, ಅದರ ಬೆಲೆ ದೊಡ್ಡದು. ಆದರೆ ಅದು ತಾಲೂಕಿನ ಸರಾಸರಿ. ಸರಾಸರಿಯೊಳಗೆ ತಾಂಡಾ, ಕೇರಿ, ಹೊಳೆಯಾಚೆಯ ವಸತಿ ಎಲ್ಲ ಕರಗಿ ಹೋಗುತ್ತವೆ. ಬಹುಕಾಲ ತಾಂಡಾಗಳಿಗೆ ಕಾಗದದ ಮೇಲೆ ಊರು ಅನ್ನುವ ಲೆಕ್ಕವೇ ಇರಲಿಲ್ಲ. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಜಿಲ್ಲೆಗಳ 1,475 ದಾಖಲೆಯಿಲ್ಲದ ವಸತಿಗಳು ಕಂದಾಯ ಗ್ರಾಮಗಳಾಗಿ, ಅಲ್ಲಿನವರಿಗೆ ಮಳಖೇಡದಲ್ಲಿ ಹಕ್ಕುಪತ್ರ ಕೊಟ್ಟದ್ದು 2023ರ ಜನವರಿಯಲ್ಲಿ. ದಾಖಲೆಯಲ್ಲೇ ಇಲ್ಲದ ಊರಿಗೆ ಬಸ್ ಕೇಳುವ ಅರ್ಜಿಯ ಗತಿ ಏನಾಗುತ್ತಿತ್ತು ಅಂತ ನೀವೇ ಊಹಿಸಿ.

ಇನ್ನೊಂದು ಉದಾಹರಣೆ ಜನಗಣತಿಯದು. ಕೆಲಸಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂದು 2011ರ ಜನಗಣತಿ ಮೊದಲ ಬಾರಿಗೆ ದೊಡ್ಡ ಮಟ್ಟದಲ್ಲಿ ಲೆಕ್ಕ ಕೊಟ್ಟಿತು ಅಂತ ಸಂಶೋಧಕರು ಖುಷಿಪಟ್ಟರು. ಆ ಕೋಷ್ಟಕ ‘ಇತರ ಕೆಲಸಗಾರರ’ದು. ರೈತರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು ಅದರಲ್ಲಿ ಸೇರಿಲ್ಲ. ತೊಗರಿ ಕಟಾವಿಗೆ, ಹತ್ತಿ ಬಿಡಿಸಲು ಹತ್ತು ಹದಿನೈದು ಕಿಲೋಮೀಟರು ಹೋಗಿ ಬರುವ ಹೆಣ್ಣುಮಕ್ಕಳು ಆ ಲೆಕ್ಕದ ಪ್ರಕಾರ ಪ್ರಯಾಣವನ್ನೇ ಮಾಡುವುದಿಲ್ಲ.

ಬಿಟ್ಟುಬಿಟ್ಟ ಪ್ರಯಾಣ

ಈಗ ಅಳೆಯುವ ವಿಧಾನಕ್ಕೆ ಬರೋಣ. ಒಂದು ಜಾಗಕ್ಕೆ ಸಾರ್ವಜನಿಕ ಸಾರಿಗೆ ಎಷ್ಟು ಕೈಗೆಟಕುತ್ತದೆ ಎಂದು ನೋಡಲು ಲಂಡನ್ನಿನಲ್ಲಿ ಪಿಟಿಎಎಲ್ ಎಂಬ ಅಳತೆ ಇದೆ, ನಮ್ಮ ಎಂ.ಎ. ಪ್ರಬಂಧಗಳಲ್ಲೂ ಆಗಾಗ ಕಾಣುತ್ತದೆ. ಮನುಷ್ಯ ನಿಮಿಷಕ್ಕೆ 80 ಮೀಟರು ನಡೆಯುತ್ತಾನೆ, 640 ಮೀಟರು ಅಂದರೆ 8 ನಿಮಿಷದ ಒಳಗಿನ ಬಸ್ ನಿಲ್ದಾಣಗಳನ್ನು ಮಾತ್ರ ಎಣಿಸಬೇಕು, ಎರಡು ಬಸ್ಸಿನ ನಡುವಿನ ಅಂತರದ ಅರ್ಧ ಹೊತ್ತು, ಜೊತೆಗೆ 2 ನಿಮಿಷ, ಅವನು ಕಾಯುತ್ತಾನೆ ಎಂದು ಹಿಡಿಯಬೇಕು. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ 7 ನಿಮಿಷ ಕಾಯುವಿಕೆ, ಸರಿಯೇ. ಇದೇ ಸೂತ್ರವನ್ನು ಹುಣಸಗಿ ಕಡೆಯ ಹಳ್ಳಿಗೆ ಹಚ್ಚಿ ನೋಡಿ. ಆರು ಗಂಟೆಗೊಂದು ಬಸ್ಸು ಅಂದರೆ 182 ನಿಮಿಷ ಕಾಯಬೇಕು ಅನ್ನುತ್ತದೆ. ಹಳ್ಳಿಯಲ್ಲಿ ಯಾರೂ ಮೂರು ತಾಸು ಬೇವಿನ ಮರದ ಕೆಳಗೆ ಕೂರುವುದಿಲ್ಲ. ಬಸ್ಸಿನ ಹೊತ್ತು ಎಲ್ಲರಿಗೂ ಬಾಯಿಪಾಠ, ಹತ್ತು ನಿಮಿಷ ಮೊದಲು ಬಂದು ನಿಲ್ಲುತ್ತಾರೆ. ಕಾಯುವುದು ಊರಿನಲ್ಲಲ್ಲ, ಪ್ಯಾಟಿಯಲ್ಲಿ. ಕೆಲಸ ಹನ್ನೊಂದಕ್ಕೆ ಮುಗಿದರೂ ಬಸ್ಸು ಐದೂವರೆಗೆ. ಆರೂವರೆ ತಾಸು ಬಸ್ ಸ್ಟ್ಯಾಂಡಿನ ಕಲ್ಲುಬೆಂಚು. ಕಾಯುವಿಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರಿದ್ದು ಆ ಸೂತ್ರದ ಕಣ್ಣಿಗೆ ಬೀಳುವುದಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ಮೇಲಿನ ಬಿಸಿಲಲ್ಲಿ, ಬಗಲಲ್ಲಿ ಕೂಸು ಎತ್ತಿಕೊಂಡು ನಿಮಿಷಕ್ಕೆ 80 ಮೀಟರು ಯಾರು ನಡೆಯುತ್ತಾರೆ ಅನ್ನುವುದು ಬೇರೆ ಪ್ರಶ್ನೆ.

ಅದರ ಬದಲು ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಎಡಕ್ಕೆ ಜಾಗಗಳನ್ನು ಬರೆಯಿರಿ: ಹೈಸ್ಕೂಲು, ಪಿಯು ಕಾಲೇಜು, ಡಿಗ್ರಿ ಕಾಲೇಜು, ಪ್ರಾಥಮಿಕ ಆರೋಗ್ಯ ಕೇಂದ್ರ, ಜಿಲ್ಲಾ ಆಸ್ಪತ್ರೆ, ತಹಶೀಲ್ದಾರ್ ಕಚೇರಿ, ಬ್ಯಾಂಕು, ಸಂತೆ. ಪ್ರತಿಯೊಂದರ ಮುಂದೆ ನಾಲ್ಕು ಸಂಖ್ಯೆ. ಊರಿನಿಂದ ಹೊರಟು ಬೇಗ ಎಂದರೆ ಎಷ್ಟಕ್ಕೆ ಆ ಬಾಗಿಲು ಮುಟ್ಟಬಹುದು. ಅದೇ ದಿನ ಊರು ಸೇರಬೇಕಾದರೆ ತಡ ಎಂದರೆ ಎಷ್ಟಕ್ಕೆ ಆ ಬಾಗಿಲು ಬಿಡಬೇಕು. ಎರಡರ ನಡುವಿನ ಅಂತರ, ಅದನ್ನು ‘ಕಿಂಡಿ’ ಎನ್ನೋಣ. ಕೊನೆಯದು, ಆ ಕೆಲಸಕ್ಕೆ ನಿಜಕ್ಕೂ ಬೇಕಾದ ಹೊತ್ತು. ಕಿಂಡಿ ಚಿಕ್ಕದಾಗಿ ಬೇಕಾದ ಹೊತ್ತು ದೊಡ್ಡದಾದರೆ ಆ ಊರಿನ ಪಾಲಿಗೆ ಆ ಜಾಗ ಇಲ್ಲ. ಎಂಟು ಕಿಲೋಮೀಟರು ಇರಲಿ, ಎಂಬತ್ತು ಇರಲಿ.

ಒಂದು ಲೆಕ್ಕ ಮಾಡಿ ತೋರಿಸುತ್ತೇವೆ. ಊರು ಊಹೆಯದು, ಜೇವರ್ಗಿ–ಶಹಾಪುರ ರಸ್ತೆಯಿಂದ ಒಳಗೆ ಇದೆ ಅಂದುಕೊಳ್ಳಿ. ಸಕ್ಕರೆ ಕಾಯಿಲೆಯ ಒಬ್ಬ ಹೆಣ್ಣುಮಗಳು ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೋಗಬೇಕು. ಮನೆಯಿಂದ 7:05ಕ್ಕೆ ಹೊರಟು ಹದಿನೈದು ನಿಮಿಷ ನಡೆದರೆ ಸ್ಟಾಪು. ಬಸ್ಸು 7:30ಕ್ಕೆ, ಜೇವರ್ಗಿ 8:05. ಅಲ್ಲಿ 8:20ರ ಬಸ್ಸು, ಸುಮಾರು 40 ಕಿಲೋಮೀಟರು, ಕಲಬುರಗಿ 9:25. ಟಂಟಂ ಹಿಡಿದು ಆಸ್ಪತ್ರೆ ಬಾಗಿಲಿಗೆ 9:50. ರಕ್ತ ಪರೀಕ್ಷೆ ಖಾಲಿ ಹೊಟ್ಟೆಯಲ್ಲಿ ಆಗಬೇಕು, ಹಾಗಾಗಿ ಈವರೆಗೆ ಚಹಾ ಕೂಡ ಕುಡಿದಿಲ್ಲ. ಚೀಟಿ ಮಾಡಿಸಿ ಡಾಕ್ಟರ್ ಕಂಡು ಬರೆಸಿಕೊಳ್ಳುವಷ್ಟರಲ್ಲಿ 10:30, ಮೊದಲ ಸಲ ರಕ್ತ ಕೊಡುವಾಗ 10:40. ಹನ್ನೊಂದಕ್ಕೆ ತಿಂಡಿ. ಊಟವಾಗಿ ಎರಡು ತಾಸಿಗೆ ಮತ್ತೆ ರಕ್ತ, ಅಂದರೆ ಒಂದು ಗಂಟೆ. ವರದಿ ಎರಡು ತಾಸಿಗೆ ಬಂದರೆ ಮೂರು. ಡಾಕ್ಟರಿಗೆ ತೋರಿಸಿ ಗುಳಿಗೆ ತೆಗೆದುಕೊಂಡರೆ 3:30. ಬೇಕಾದ ಹೊತ್ತು 5 ತಾಸು 40 ನಿಮಿಷ.

ಈಗ ಹಿಂದಿನಿಂದ ಬನ್ನಿ. ಜೇವರ್ಗಿಯಿಂದ ಊರಿಗೆ ಕೊನೆಯ ಬಸ್ಸು 5:30. ಅದು ಸಿಗಬೇಕಾದರೆ ಕಲಬುರಗಿ 4:10ಕ್ಕೆ ಬಿಡಬೇಕು, ಬಸ್ ಸ್ಟ್ಯಾಂಡಿಗೆ ನಾಲ್ಕಕ್ಕೆ ಬರಬೇಕು, ಆಸ್ಪತ್ರೆ 3:35ಕ್ಕೆ ಬಿಡಬೇಕು. ಕಿಂಡಿ 5 ತಾಸು 45 ನಿಮಿಷ. ಉಳಿಕೆ ಐದು ನಿಮಿಷ! ಬೆಳಗಿನ ಬಸ್ಸು ಹತ್ತು ನಿಮಿಷ ತಡವಾಗಿ ಜೇವರ್ಗಿಯಿಂದ ಹೊರಟಿತೋ, ಲ್ಯಾಬಿನಲ್ಲಿ ‘ಅರ್ಧ ತಾಸು ಬಿಟ್ಟು ಬರ್ರಿ’ ಅಂದರೋ, ಮುಗಿಯಿತು. ವರದಿ ನಾಳೆಗೆ. ನಾಳೆ ಅಂದರೆ ಇನ್ನೊಂದು 11 ತಾಸು 15 ನಿಮಿಷದ ದಿನ, ಇನ್ನೊಂದು ದಿನದ ಕೂಲಿ. 2025–26ರ ಉದ್ಯೋಗ ಖಾತ್ರಿ ದರವನ್ನೇ ಹಿಡಿದರೂ ದಿನಕ್ಕೆ 370 ರೂಪಾಯಿ, ಜೊತೆಗೆ ಬಂದವರದೂ ಸೇರಿದರೆ 740. ಬಸ್ ಟಿಕೆಟ್ ಮಾತ್ರ ಶೂನ್ಯ. ಹೀಗಾಗಿ ಆಕೆ ಮುಂದಿನ ತಿಂಗಳು ಹೋಗುವುದಿಲ್ಲ.

ಆ ಹೋಗದ ಪ್ರಯಾಣವನ್ನು ಯಾವ ಸಮೀಕ್ಷೆಯೂ ಹಿಡಿಯುವುದಿಲ್ಲ. ಎಲ್ಲರೂ ಕೇಳುವುದು ‘ನಿನ್ನೆ ಎಲ್ಲಿಗೆ ಹೋಗಿದ್ದಿರಿ’ ಅಂತ. ನಾವು ಕೇಳಬೇಕಾದ್ದು ಇನ್ನೊಂದು: ‘ಈ ತಿಂಗಳದಾಗ ಹೋಗಬೇಕಂತ ಮಾಡಿ ಬಿಟ್ಟಿದ್ದು ಏನರ ಅದೇನ್ರಿ?’ ಈ ಪ್ರಶ್ನೆಯನ್ನು ಪ್ರಮಾಣ ಕನ್ನಡದಲ್ಲಿ ಕೇಳಿದರೆ ‘ಏನಿಲ್ರಿ’ ಅನ್ನುವ ಉತ್ತರ ಸಿಗುತ್ತದೆ. ಗಂಡಸರ ಎದುರು ಹೆಂಗಸರನ್ನು ಕೇಳಿದರೂ ಅದೇ ಉತ್ತರ. ಹೆಂಗಸರನ್ನು ಹೆಂಗಸರೇ, ನೀರಿನ ಹೊತ್ತಿನಲ್ಲೋ ಸಂಘದ ಸಭೆಯ ನಂತರವೋ ಕೇಳಬೇಕು. ಬಿಟ್ಟದ್ದು ಯಾಕೆ ಎಂದು ಮುಂದೆ ಕೇಳುವಾಗ ಕಾರಣಗಳನ್ನು ನಾವೇ ಓದಿ ಹೇಳಬಾರದು. ಓದಿ ಹೇಳಿದರೆ ‘ರೊಕ್ಕ’ ಅನ್ನುವುದೇ ಎಲ್ಲರ ಬಾಯಲ್ಲಿ ಬರುತ್ತದೆ. ಅದು ಹೇಳಲು ಸುಲಭ, ಭಯವನ್ನು ಹೇಳುವುದು ಕಷ್ಟ.

ಹಾಳೆ ತುಂಬುವಾಗ ಆಗುವ ತಪ್ಪು ಬಹುತೇಕ ಒಂದೇ: ಬಸ್ ಸ್ಟ್ಯಾಂಡಿನ ಬೋರ್ಡಿನಿಂದ ವೇಳೆ ನಕಲು ಮಾಡಿಕೊಳ್ಳುವುದು. ಊರ ಸ್ಟಾಪಿನಲ್ಲೇ ನಿಂತು ಬರೆಯಬೇಕು, ಕನಿಷ್ಠ ಮೂರು ದಿನ: ಒಂದು ಸಾಮಾನ್ಯ ದಿನ, ಒಂದು ಸಂತೆಯ ದಿನ, ಒಂದು ಹುಣ್ಣಿಮೆ ಅಥವಾ ಅಮಾವಾಸ್ಯೆ. ಹುಣ್ಣಿಮೆಗೆ ದೇವಲ ಗಾಣಗಾಪುರದ ಕಡೆಗೆ ಜನ ಹರಿಯುತ್ತಾರೆ. ಅಂಥ ದಿನ ಬಸ್ಸು ಹೆಚ್ಚಿಗೆ ಬೇಕಾದರೆ ಕತ್ತರಿ ಬೀಳುವುದು ಒಳಹಳ್ಳಿಯ ಟ್ರಿಪ್ಪಿಗೆ. ಹೊಳೆ ಸಾಲಿನ ಊರುಗಳು ಮಳೆಗಾಲಕ್ಕೆ ಬೇರೆ ಹಾಳೆ ಇಟ್ಟುಕೊಳ್ಳಬೇಕು. ಭೀಮೆ ತುಂಬಿದಾಗ ಘತ್ತರಗಿ, ಗಾಣಗಾಪುರದ ಸೇತುವೆ ಮುಳುಗುತ್ತವೆ, ಆಗ ಬೇಸಿಗೆಯ ಹಾಳೆ ಬರೀ ಕಾಗದ.

ಐದೂವರೆಯ ಬಸ್ಸು ಆರೂವರೆಗೆ ಯಾಕೆ ಹೊರಡುವುದಿಲ್ಲ?

ಮೇಲಿನ ಲೆಕ್ಕದಲ್ಲಿ ಕೊನೆಯ ಬಸ್ಸು ಒಂದು ತಾಸು ತಡವಾಗಿದ್ದರೆ ಉಳಿಕೆ 65 ನಿಮಿಷವಾಗುತ್ತಿತ್ತು, ಆಕೆ ಒಂದೇ ದಿನದಲ್ಲಿ ಕೆಲಸ ಮುಗಿಸುತ್ತಿದ್ದಳು. ಹೊಸ ಬಸ್ಸು ಬೇಡ, ಇರುವುದನ್ನೇ ತಡ ಮಾಡಿ ಬಿಟ್ಟರೆ ಸಾಕಲ್ಲ? ಈ ಪ್ರಶ್ನೆಗೆ ‘ಅಧಿಕಾರಿಗಳಿಗೆ ಕಾಳಜಿ ಇಲ್ಲ’ ಎಂದು ಉತ್ತರ ಕೊಟ್ಟು ಸುಮ್ಮನಾಗುವವರು ಬಹಳ. ಉತ್ತರ ಇರುವುದು ಡ್ಯೂಟಿಯ ಗಂಟೆಗಳಲ್ಲಿ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟ ಅಳತೆ ಇದು: ದಿನಕ್ಕೆ 8 ತಾಸು ಕೆಲಸ, ನಡುವಿನ ಬಿಡುವೂ ಸೇರಿ ಡ್ಯೂಟಿ ಶುರುವಾದಾಗಿನಿಂದ ಮುಗಿಯುವವರೆಗೆ 12 ತಾಸು ದಾಟಬಾರದು. ನಮ್ಮ ಹಳ್ಳಿ ಬಸ್ಸುಗಳ ಶೆಡ್ಯೂಲು ರೂಪುಗೊಂಡದ್ದು ಈ ಅಳತೆಯ ಮೇಲೆ. ಊಹೆಯ ಊರಿಗೇ ಮರಳಿ ಬನ್ನಿ. ಚಾಲಕ, ನಿರ್ವಾಹಕರು 6:40ಕ್ಕೆ ಡಿಪೊದಲ್ಲಿ ಹಾಜರಿ ಹಾಕಿ 6:50ಕ್ಕೆ ಹೊರಟರೆ 7:25ಕ್ಕೆ ಊರು, 7:30ಕ್ಕೆ ಹೊರಡುವುದು. ಸಂಜೆ ಜೇವರ್ಗಿಯಿಂದ 5:30ಕ್ಕೆ ಹೊರಟರೆ 6:05ಕ್ಕೆ ಊರು, 6:40ಕ್ಕೆ ಮರಳಿ ಡಿಪೊ. ಬೆಳಗಿನ 6:40ರಿಂದ ಸಂಜೆ 6:40, ಸರಿಯಾಗಿ 12 ತಾಸು. ಆರೂವರೆಗೆ ಬಿಟ್ಟರೆ 13. ಅದಕ್ಕೆ ಎರಡನೆಯ ಜೋಡಿ ಸಿಬ್ಬಂದಿ ಬೇಕು. ಎರಡನೆಯ ಜೋಡಿ ಬೇಕೆಂದರೆ ಡಿಪೊದಲ್ಲಿ ಪ್ರತಿ ಕಿಲೋಮೀಟರಿನ ಗಳಿಕೆ ಎಷ್ಟು ಎಂದು ಕೇಳುತ್ತಾರೆ. ಸಂಜೆಯ ಬಸ್ಸಿನಲ್ಲಿ ಹೋಗುವಾಗ 55 ಜನ, ಖಾಲಿ ಬರುವಾಗ 4. ಎರಡೂ ಕೂಡಿಸಿ ಭಾಗಿಸಿದರೆ ಮೂವತ್ತು ಜನವೂ ಇಲ್ಲ. ಕಾಗದದ ಮೇಲೆ ಅದು ನಷ್ಟದ ಟ್ರಿಪ್ಪು. ಆ 55 ಜನ ಬೆಳಗ್ಗೆ ಬೇರೆ ಬೇರೆ ಬಸ್ಸಿಗೆ ಟಿಕೆಟ್ ಕೊಂಡದ್ದು ಸಂಜೆ ಈ ಬಸ್ಸು ಇದೆ ಎಂಬ ನಂಬಿಕೆಯ ಮೇಲೆ, ಅದನ್ನು ಆ ಕಾಗದ ಹೇಳುವುದಿಲ್ಲ.

ಇದಕ್ಕೆ ಹಳೆಯ ಕಾಲದಿಂದ ಒಂದು ಉಪಾಯವಿದೆ, ವಸತಿ ಬಸ್ಸು. ಸಿಬ್ಬಂದಿ ಮಧ್ಯಾಹ್ನ ಡ್ಯೂಟಿಗೆ ಬಂದು, ಕೊನೆಯ ಟ್ರಿಪ್ಪಿನಲ್ಲಿ ಏಳು ಏಳೂವರೆಗೆ ಊರು ಸೇರಿ, ರಾತ್ರಿ ಅಲ್ಲೇ ಮಲಗಿ, ಬೆಳಗ್ಗೆ ಮೊದಲ ಟ್ರಿಪ್ಪು ಹೊಡೆದು ಮಧ್ಯಾಹ್ನ ಇಳಿಯುತ್ತಾರೆ. ಡ್ಯೂಟಿ ಎರಡು ದಿನಕ್ಕೆ ಹಂಚಿಹೋಯಿತು, ರಾತ್ರಿ ವಿಶ್ರಾಂತಿ ಸಿಕ್ಕಿತು, ಖಾಲಿ ಬಸ್ಸು ರಾತ್ರಿ ಡಿಪೊಗೆ, ನಸುಕಿನಲ್ಲಿ ಮತ್ತೆ ಊರಿಗೆ ಓಡುವ ಎರಡು ವ್ಯರ್ಥ ಓಟವೂ ಉಳಿಯಿತು. ಇಷ್ಟು ಚೊಕ್ಕ ಏರ್ಪಾಡು ಊರೂರಲ್ಲಿ ನಿಂತುಹೋಗುವುದು ಸಣ್ಣ ಕಾರಣಕ್ಕೆ. ಸಿಬ್ಬಂದಿ ಮಲಗಲು ಒಂದು ಕೋಣೆ, ಒಂದು ಪಾಯಖಾನೆ, ನೀರು, ದೀಪ, ಬಸ್ಸು ನಿಲ್ಲಿಸಲು ಕಲ್ಲು ಬೀಳದ ಜಾಗ, ಇವು ಇಲ್ಲದಿರುವುದು. ಬೇಸಿಗೆಯಲ್ಲಿ ಬಸ್ಸಿನ ಮಾಳಿಗೆ ಮೇಲೆ ಮಲಗಿಯಾರು, ಮಳೆಗಾಲದಲ್ಲಿ? ಹತ್ತಡಿ ಹನ್ನೆರಡಡಿ ಕೋಣೆ ಕೊಡುವುದು ಪಂಚಾಯಿತಿಯ ಕೈಯಲ್ಲೇ ಇದೆ. ಇಲ್ಲಿ ಕೂತಿರುವ ಸದಸ್ಯರು ಬೇರೇನೂ ನೆನಪಿಡದಿದ್ದರೂ ಇದೊಂದನ್ನು ಬರೆದುಕೊಳ್ಳಿ.

ಟಿಕೆಟಿಲ್ಲದ ಬಸ್ಸು, ಬಸ್ಸಿಲ್ಲದ ಟಿಕೆಟು

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಏಳು ಅಡ್ಡಿಗಳಲ್ಲಿ ಹಣದ ಅಡ್ಡಿಯನ್ನು ಅರ್ಧ ಜನಸಂಖ್ಯೆಯ ಮುಂದಿನಿಂದ ಒಂದೇ ದಿನ ತೆಗೆದ ಯೋಜನೆ ಅದು, ಹಗುರವಾಗಿ ಮಾತಾಡುವಂಥದ್ದಲ್ಲ. ಗಂಡನ ಕಿಸೆಯಿಂದ ರೊಕ್ಕ ಕೇಳದೆ ಮನೆಯಿಂದ ಹೊರಬೀಳುವುದು ಹೆಂಗಸಿಗೆ ಏನು ಎಂದು ಗಂಡಸರು ಲೆಕ್ಕ ಹಾಕಲಾರರು. ಆದರೆ ಶೂನ್ಯ ಟಿಕೆಟು ಸಿಗುವುದು ಬಸ್ಸು ಬಂದ ಮೇಲೆ. ಬಸ್ಸೇ ಹಾಯದ ತಾಂಡಾದ ಹೆಂಗಸು ಈಗಲೂ ಟಂಟಂಗೆ ರೊಕ್ಕ ಕೊಡುತ್ತಾಳೆ. ದಿನಕ್ಕೆ ಹತ್ತು ಬಸ್ಸಿರುವ ಹೆದ್ದಾರಿಯ ಊರಿಗೆ ದೊಡ್ಡ ಲಾಭ, ಒಂದೇ ಬಸ್ಸಿನ ಊರಿಗೆ ಸಣ್ಣದು, ಬಸ್ಸಿಲ್ಲದ ಊರಿಗೆ ಸೊನ್ನೆ. ಹಿಂದುಳಿದಷ್ಟೂ ಪಾಲು ಕಡಿಮೆ.

ಬೀದರ್ ಜಿಲ್ಲೆಯ ತೊಡಕು ಇನ್ನೊಂದು ಬಗೆಯದು. ಅಲ್ಲಿನ ಗಡಿ ಊರುಗಳಿಗೆ ಜಹೀರಾಬಾದ್, ಉದಗೀರ, ದೇಗಲೂರು, ಉಮರ್ಗಾ ಹತ್ತಿರದ ಪ್ಯಾಟಿಗಳು. ನಂಟಸ್ತನ, ಬಟ್ಟೆ, ದವಾಖಾನೆ ಎಲ್ಲ ಆ ಕಡೆಗೆ. 2023ರ ಡಿಸೆಂಬರಿನಿಂದ ತೆಲಂಗಾಣದಲ್ಲೂ ಹೆಂಗಸರಿಗೆ ಬಸ್ಸು ಉಚಿತ, ಆದರೆ ತೆಲಂಗಾಣದ ವಿಳಾಸ ಇದ್ದವರಿಗೆ. ಜಹೀರಾಬಾದಿನಲ್ಲಿ ಆ ರಾಜ್ಯದ ಬಸ್ಸು ಹತ್ತಿ ಬೀದರ್ ವಿಳಾಸದ ಆಧಾರ್ ತೋರಿಸಿದರೆ ಟಿಕೆಟ್ ಕೊಳ್ಳಲೇಬೇಕು. ಎರಡು ಉಚಿತಗಳ ನಡುವಿನ ಗೆರೆಯ ಮೇಲೆ ಇರುವವರಿಗೆ ಪೂರ್ತಿ ದರ. ಸಂಶೋಧನೆಗೆ ಒಳ್ಳೆಯ ವಿಷಯ, ಯಾರಾದರೂ ಎತ್ತಿಕೊಳ್ಳಿ.

ಓದಿನ ವಿಚಾರಕ್ಕೆ ಬಂದರೆ ಒಳ್ಳೆಯ ಪುರಾವೆ ಇರುವುದು ಬಿಹಾರದಿಂದ. 2006ರಲ್ಲಿ ಅಲ್ಲಿ ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ಲಿಗೆ ಹಣ ಕೊಟ್ಟರು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಪಕ್ಕದ ಜಾರ್ಖಂಡಿನ ಜೊತೆ ಹೋಲಿಸಿ ನೋಡಿದಾಗ ಹುಡುಗಿಯರ ದಾಖಲಾತಿ ಸುಮಾರು ಶೇ 30ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಹೆಚ್ಚಿನ ಪರಿಣಾಮ ಕಂಡದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲಿ. ಕರ್ನಾಟಕದಲ್ಲೂ 2006–07ರಿಂದ ಎಂಟನೇ ತರಗತಿಗೆ ಸೈಕಲ್ ಕೊಟ್ಟರು, ಕೋವಿಡ್ ಬಂದಾಗ ನಿಂತಿತು. ಸೈಕಲ್ಲಿನ ಗುಣ ಏನೆಂದರೆ ಅದು ಕಿಂಡಿಯ ಮಿತಿಯನ್ನೇ ತೆಗೆದುಹಾಕುತ್ತದೆ. ಸ್ಪೆಷಲ್ ಕ್ಲಾಸು ಐದೂವರೆಯವರೆಗೆ ನಡೆದರೂ ಹುಡುಗಿ ತನ್ನ ಹೊತ್ತಿಗೆ ಮನೆಗೆ ಬರುತ್ತಾಳೆ. ಇಪ್ಪತ್ತು ಕಿಲೋಮೀಟರಿನ ಡಿಗ್ರಿ ಕಾಲೇಜಿಗೆ ಅದು ನಡೆಯದು. ಅಲ್ಲಿ ಮತ್ತೆ ಸಂಜೆಯ ಬಸ್ಸೇ. ಪ್ರಾಕ್ಟಿಕಲ್ ಇರುವ ಬಿ.ಎಸ್ಸಿ ಬಿಟ್ಟು ಮಧ್ಯಾಹ್ನಕ್ಕೆ ಮುಗಿಯುವ ಬಿ.ಎ. ತೆಗೆದುಕೊಳ್ಳುವ ಹುಡುಗಿ ಆಯ್ದುಕೊಂಡದ್ದು ವಿಷಯವನ್ನಲ್ಲ, ಬಸ್ಸನ್ನು. ದಿಲ್ಲಿಯಲ್ಲಿ ಗಿರಿಜಾ ಬೋರ್ಕರ್ ಮಾಡಿದ ಅಧ್ಯಯನದಲ್ಲಿ ಹುಡುಗಿಯರು ದಾರಿ ಸುರಕ್ಷಿತವಾಗಿರಲಿ ಎಂದು ಮಟ್ಟದಲ್ಲಿ ಕಡಿಮೆಯ ಕಾಲೇಜನ್ನು ಆಯ್ದದ್ದು ಕಂಡಿತು. ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರಲ್ಲಿ ಶೇ 51.83, ರಾಜ್ಯದಲ್ಲೇ ಕಡಿಮೆ. ಅದಕ್ಕೆ ಕಾರಣ ಒಂದೇ ಅಲ್ಲ. ಆದರೆ ಶಾಲೆ ಕಟ್ಟುವವರು ಬಸ್ಸಿನ ವೇಳಾಪಟ್ಟಿ ತರಿಸಿ ನೋಡಿದ್ದು ಕಡಿಮೆ.

ಕೂಲಿ ಹೆಂಗಸರ ಮಾತು ಉಳಿಯಿತು. ತೊಗರಿ, ಹತ್ತಿಯ ಸುಗ್ಗಿಯಲ್ಲಿ ಗುತ್ತಿ ಹಿಡಿದವರು ಪಿಕಪ್ ಗಾಡಿಯಲ್ಲೋ ಟ್ರ್ಯಾಕ್ಟರ್ ಟ್ರಾಲಿಯಲ್ಲೋ ತುಂಬಿಕೊಂಡು ಹೋಗುತ್ತಾರೆ. ಸರಕು ಗಾಡಿಯಲ್ಲಿ ಜನ ತುಂಬಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಗಾಡಿ ಪಲ್ಟಿಯಾದ ಮೇಲಿನ ಕತೆ. ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಕರಾಗಿ ಹತ್ತಿದವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲ. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಎಂದು ತೋರಿಸಿದರೆ ಮಾತ್ರ ಬೇರೆ. ಹಾಗೆ ತೋರಿಸಲಾಗದಿದ್ದರೆ ಪರಿಹಾರ ಗಾಡಿ ಮಾಲೀಕನಿಂದ ಬರಬೇಕು, ಅವನ ಹತ್ತಿರ ಇರುವುದು ಆ ಮುರಿದ ಗಾಡಿ ಒಂದೇ. ಬೆಳಗಿನ ಏಳಕ್ಕೆ ಹೊಲದ ದಾರಿಗೆ ಬಸ್ಸು ಹೋಗುವುದಿಲ್ಲ, ಹೋಗಬೇಕು ಅನ್ನುವುದೂ ಆಗದ ಮಾತು. ಹತ್ತು ಹನ್ನೆರಡು ಜನರ ಪರ್ಮಿಟ್ ಇರುವ ಮ್ಯಾಕ್ಸಿಕ್ಯಾಬನ್ನು ಸುಗ್ಗಿಯ ಎರಡು ತಿಂಗಳಿಗೆ ಗೊತ್ತು ಮಾಡಿಕೊಂಡರೆ ತಲೆಗೆ ಸ್ವಲ್ಪ ಹೆಚ್ಚು ಬೀಳುತ್ತದೆ, ಕಾನೂನು ಜೊತೆಗಿರುತ್ತದೆ. ಆ ಹೆಚ್ಚಿನದನ್ನು ಯಾರು ಕೊಡಬೇಕು ಅನ್ನುವುದು ಕೂಲಿ ಮಾತಾಡುವಾಗಲೇ ತೀರಬೇಕು.

ಕೊನೆಗೆ ಬಂದ ಎರಡು ಪ್ರಶ್ನೆಗಳು

ಮೊದಲು ರಸ್ತೆಯೋ ಬಸ್ಸೋ ಎಂದು ಒಬ್ಬರು ಕೇಳಿದರು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಶುರುವಾಯಿತು, ಬಯಲು ಸೀಮೆಯಲ್ಲಿ 500 ಜನಸಂಖ್ಯೆ ಇರುವ ವಸತಿಗಳಿಗೆ ಸರ್ವಋತು ರಸ್ತೆ. ಸ್ಯಾಮ್ ಆಶರ್, ಪಾಲ್ ನೊವೊಸಾದ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ರಸ್ತೆಗಳಿಂದ ಜನ ಹೊಲ ಬಿಟ್ಟು ಹೊರಗಿನ ಕೂಲಿಗೆ ಹೋಗುವುದು ಹೆಚ್ಚಿತು, ಊರಿನ ಆದಾಯ, ಆಸ್ತಿ, ಬೇಸಾಯದಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಹಾಗಂತ ರಸ್ತೆ ಬೇಡ ಅಂತಲ್ಲ. ನಮ್ಮ ಎರೆಭೂಮಿಯಲ್ಲಿ ರಸ್ತೆ ಇಲ್ಲದೆ ಮಳೆಗಾಲಕ್ಕೆ ಎತ್ತಿನ ಬಂಡಿಯೂ ಹೂಳುತ್ತದೆ. ಆದರೆ ರಸ್ತೆ ಮಾಡುವಾಗಲೇ ಬಸ್ಸನ್ನು ನೆನೆಯಬೇಕು. ಡಾಂಬರಿನ ಅಗಲ 3.75 ಮೀಟರು, ಕಡಿಮೆ ಓಡಾಟದ ಕಡೆ 3 ಮೀಟರು. ಬಸ್ಸಿನ ಅಗಲವೇ ಎರಡೂವರೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಒಂದು ಗಾಲಿ ಪಕ್ಕದ ಮಣ್ಣಿಗೆ ಇಳಿಯಲೇಬೇಕು, ಎರೆಮಣ್ಣು ಹಸಿ ಇದ್ದರೆ ಅಲ್ಲೇ ಕೂತಿತು. ಪಕ್ಕಕ್ಕೆ ಮೊರಂ ಹಾಕಿ ಗಟ್ಟಿ ಮಾಡಬೇಕು. ಊರ ತುದಿಯಲ್ಲಿ ಬಸ್ಸು ತಿರುಗಲು ಸುಮಾರು 24 ಮೀಟರು ಅಡ್ಡಗಲದ ಜಾಗ ಬೇಕು. ಅಲ್ಲಿ ತಿಪ್ಪೆ, ಬಣವೆ, ಕಟ್ಟೆ ಬಂದರೆ ಚಾಲಕ ಕ್ರಾಸಿನಲ್ಲೇ ಜನರನ್ನು ಇಳಿಸಿ ಹೋಗುತ್ತಾನೆ. ಅದಕ್ಕೆ ಅವನನ್ನು ಬೈದು ಪ್ರಯೋಜನವಿಲ್ಲ.

ಇನ್ನೊಬ್ಬರು, ಪಂಚಾಯಿತಿ ಸದಸ್ಯೆ, ಅರ್ಜಿ ಎಷ್ಟು ಕೊಟ್ಟರೂ ಬಸ್ಸು ಬರಲಿಲ್ಲ, ಹೇಗೆ ಬರೆಯಬೇಕು ಎಂದು ಕೇಳಿದರು. ‘ನಮ್ಮ ಊರಿಗೆ ಬಸ್ ಬಿಡಬೇಕು’ ಎಂದು ಬರೆದ ಅರ್ಜಿ ನೂರರಲ್ಲಿ ಒಂದಾಗಿ ಕೂರುತ್ತದೆ. ಯಾವ ಬಸ್ಸು, ಈಗ ಎಷ್ಟು ಗಂಟೆಗೆ, ಎಷ್ಟು ನಿಮಿಷ ಮುಂದಕ್ಕೆ ಹಾಕಬೇಕು ಎಂದು ಬರೆಯಿರಿ. ಆ ಹೊತ್ತಿಗೆ ಎಷ್ಟು ವಿದ್ಯಾರ್ಥಿಗಳು, ಯಾವ ಕಾಲೇಜು ಎಂಬ ಪಟ್ಟಿಗೆ ಪ್ರಾಂಶುಪಾಲರ ಸಹಿ ಮಾಡಿಸಿ. ಮೂರು ದಿನ ಸ್ಟಾಪಿನಲ್ಲಿ ನಿಂತು ಬರೆದ ಹಾಳೆ ಲಗತ್ತಿಸಿ. ವಸತಿ ಬಸ್ಸು ಕೇಳುವುದಾದರೆ ಕೋಣೆ, ಪಾಯಖಾನೆ ಕೊಡುತ್ತೇವೆ ಎಂಬ ಪಂಚಾಯಿತಿ ಠರಾವಿನ ಪ್ರತಿ ಇರಲಿ. ಅಕ್ಕಪಕ್ಕದ ಎರಡು ಮೂರು ಊರು ಒಂದೇ ಮಾರ್ಗದಲ್ಲಿದ್ದರೆ ಒಂದೇ ಅರ್ಜಿ ಮಾಡಿ. ಬೇರೆ ಬೇರೆ ಕೊಟ್ಟರೆ ಒಂದಕ್ಕೊಂದು ಹೊಂದದ ವೇಳೆ ಕೇಳಿ ನೀವೇ ಕೆಡಿಸಿಕೊಳ್ಳುತ್ತೀರಿ. ಒಂದು ಪ್ರತಿ ಡಿಪೊ ವ್ಯವಸ್ಥಾಪಕರಿಗೆ, ಒಂದು ವಿಭಾಗೀಯ ಸಂಚಾರ ಅಧಿಕಾರಿಗೆ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಮತ್ತು ತಾರೀಖು. ಕೊಡುವುದು ಕಾಲೇಜು ಶುರುವಾಗುವ ತಿಂಗಳು ಮೊದಲು. ದಸರಾ ಹತ್ತಿರ ಬಂದ ಮೇಲೆ ಕೊಟ್ಟರೆ ಅವರಿಗೆ ಇರುವ ಬಸ್ಸೇ ಸಾಲದೆ ಪರದಾಡುವ ಹೊತ್ತು.